ಮಗ್ಗದ ಸದ್ದಿನೊಳಗೆ

ಎಣ್ಣೆಯ ವಾಸನೆ, ಬಿಸಿ ಎಣ್ಣೆ ಮತ್ತು ಉಣ್ಣೆ, ಈ ಮಗ್ಗಕ್ಕೆ ಯಾರೋ ಧಾರಾಳವಾಗಿ ಸುರಿದಿದ್ದಾರೆ, ಇಷ್ಟು ಬೇಕಿರಲಿಲ್ಲ, ಬಟ್ಟೆಯ ಮೇಲೆ ಒಂದು ಹನಿ ಬಿದ್ದರೂ ಮೇಸ್ತ್ರಿ ಗೆಮೆಲ್ ಜೀವ ತಿನ್ನುತ್ತಿದ್ದ — ಗೆಮೆಲ್ ಹೋಗಿ ಯಾವ ಕಾಲವಾಯಿತು, ಮಿಲ್ಲೂ ಹೋಯಿತು, ಗುಡ್ಡದ ಮೇಲಿನ ಆ ನಾಲ್ಕು ಅಂತಸ್ತಿನಲ್ಲಿ ಈಗ ಎಡಿನ್‌ಬರೋದ ಜನ ಮನೆ ಮಾಡಿಕೊಂಡಿದ್ದಾರೆ, ಉಳಿದದ್ದು ಚರ್ಚಿನ ಹಾಲಿಗೆ ತಂದಿಟ್ಟ ಇದೊಂದು ಮಗ್ಗ, ಐದೇ ನಿಮಿಷ ಓಡಿಸ್ತೀನಮ್ಮಾ, ಆಮೇಲೆ ಟೀ ಕುಡಿಯೋಣ ಅನ್ನುತ್ತಾನೆ ಮ್ಯೂಸಿಯಂನವನು, ಐದು ನಿಮಿಷವಂತೆ, ನಾವು ದಿನಕ್ಕೆ ಎಂಟು ಗಂಟೆ ಓಡಿಸಿದವರು — ಹಿಡಿಕೆ ಎಳೆದ, ಅಯ್ಯೋ ದೇವರೇ ಆ ಸದ್ದು, ನೆಲ ನಡುಗಿ ಅಂಗಾಲಿನಿಂದ ಹಲ್ಲಿನವರೆಗೆ ಹತ್ತುತ್ತದೆ, ಲಾಳಿ ಅತ್ತಿಂದಿತ್ತ, ಇತ್ತಿಂದತ್ತ, ಬಂದವರೆಲ್ಲ ಕಿವಿ ಮುಚ್ಚಿಕೊಂಡರು, ನಾನು ಮುಚ್ಚಲಿಲ್ಲ, ಮಗ್ಗದ ಆಚೆ ಬದಿ ನಿಂತ ಬೀಥಿಯಾ ಕೂಡ ಮುಚ್ಚಲಿಲ್ಲ.

ನಲವತ್ತೊಂದು ವರ್ಷದಿಂದ ಅವಳ ಜೊತೆ ಮಾತಿಲ್ಲ, ಒಂದೇ ದಿಬ್ಬದ ಬೀದಿಯಲ್ಲಿ ಮನೆ, ಒಂದೇ ಬೇಕರಿಯ ಸಾಲು, ಅವಳು ಬರುತ್ತಾಳೆಂದು ಗೊತ್ತಿದ್ದರೆ ಇವತ್ತು ಬರುತ್ತಿರಲಿಲ್ಲ, ಸುಳ್ಳು, ಬರುತ್ತಿದ್ದೆ. ಆಗ ಇಬ್ಬರಿಗೂ ಒಂದೇ ಮಗ್ಗ, ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವಳದು, ನಡುವೆ ಒಂದೇ ಓಟ್ಸ್ ಬಿಸ್ಕತ್ತು ಮುರಿದು ತಿಂದವರು. ಮಿಲ್ಲಿನ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲ, ತುಟಿ ನೋಡಿಯೇ ಮಾತು, ಗುಟ್ಟಿದ್ದರೆ ಬಾಯಿಗೆ ಕೈ ಅಡ್ಡ ಹಿಡಿಯಬೇಕು, ನಿನ್ನೆ ಸೇರಿದವಳಿಗೂ ಗೊತ್ತು, ಅವತ್ತು ಅವಳು ಹಿಡಿಯಲಿಲ್ಲ, ಪಾಳಿ ಮುಗಿಸಿ ಬಾಗಿಲ ಬಳಿ ಕೋಟು ಹಾಕಿಕೊಳ್ಳುತ್ತಿದ್ದ ನಾನು ಅಷ್ಟು ದೂರದಿಂದ ನೋಡಿದೆ, ಗೆಮೆಲ್ ಎದುರು ಆ ತುಟಿ ನನ್ನ ಹೆಸರೆತ್ತಿತು, ಎಳೆ ತಪ್ಪಿದ್ದು ನೆಟ್ಟಿ ಪಾಳೀಲಿ ಮೇಸ್ತ್ರಿ, ನನ್ ಪಾಳೀಲಲ್ಲ — ಮೂವತ್ತು ಗಜ ಬಟ್ಟೆ ಹಾಳು, ಅಷ್ಟೂ ಅವಳು ನೇಯ್ದದ್ದು, ಮಗ್ಗ ಹೋದದ್ದು ನನ್ನದು, ಹಳ್ಳದ ದಡದ ಉಣ್ಣೆ ತೊಳೆಯುವ ಶೆಡ್ಡಿಗೆ ಇಳಿಸಿದರು, ಮತ್ತೆಂದೂ ನೇಯಲಿಲ್ಲ. ಹೋಗಿ ಜಗಳವಾಡಬಹುದಿತ್ತು, ಆಡಲಿಲ್ಲ, ಸೆಟೆದುಕೊಂಡೆ, ಯಾಕೆ ಮಾತಾಡಲ್ವೇ ನೆಟ್ಟಿ, ನಾನೇನ್ ಮಾಡ್ದೆ ಎಂದು ವಾರವಿಡೀ ಹಿಂದೆ ಬಿದ್ದಳು, ಆಮೇಲೆ ಅವಳೂ ಬಿಟ್ಟಳು, ನನಗೆ ಅವಳಂಥ ಗೆಳತಿ ಮತ್ತೆ ಸಿಗಲಿಲ್ಲ, ಬೇಕರಿ ಸಾಲಿನಲ್ಲಿ ಬೆನ್ನನ್ನಷ್ಟೇ ನೋಡುತ್ತಿದ್ದೆ, ತುಟಿ ನೋಡಿದರೆ ಓದಿಬಿಡುತ್ತೇನಲ್ಲ — ಈಗ ಅದು ಅಲ್ಲಾಡುತ್ತಿದೆ, ಈ ಹಾಲಿನಲ್ಲಿ ನನಗೊಬ್ಬಳಿಗೇ ತಿಳಿಯುವ ಹಾಗೆ, ತಪ್ಪು ನಂದು ಕಣೆ ನೆಟ್ಟಿ, ಹೆದ್ರಿಬಿಟ್ಟೆ, ಆಗ ಅಪ್ಪನ್ ಕೆಲ್ಸಾನೂ ಹೋಗಿತ್ತು — ಮ್ಯೂಸಿಯಂನವನು ಗಡಿಯಾರ ನೋಡಿಕೊಂಡ, ಕೈ ಹಿಡಿಕೆಗೆ ಹೋಯಿತು, ತಡಿಯಪ್ಪ, ಸದ್ದು ನಿಂತರೆ ನಾವು ಮತ್ತೆ ಬೇಕರಿ ಸಾಲಿನ ಮುದುಕಿಯರು, ಹೇಳೇ ನೆಟ್ಟಿ, ಏನಾದರೂ ಹೇಳು ಎಂದು ನನಗೆ ನಾನೇ, ಗೊತ್ತಿತ್ತು ಕಣೆ ಅಂದೆ, ತುಟಿಯಲ್ಲೇ, ಅವತ್ತೇ ನೋಡ್ದೆ, ಬಾಯಿಗೆ ಕೈ ಹಿಡಿಯೋದಲ್ವೇನೆ ದಡ್ಡಿ — ಮಗ್ಗ ನಿಂತಿತು, ಎಲ್ಲರೂ ಕಿವಿಯಿಂದ ಕೈ ತೆಗೆದರು, ಬನ್ನಿ ಬನ್ನಿ ಟೀ ಆರುತ್ತೆ, ಯಾರೂ ಕದಲುತ್ತಿಲ್ಲ, ನಮ್ಮನ್ನೇ ನೋಡುತ್ತಿದ್ದಾರೆ, ನೋಡಲಿ, ಸದ್ದು ನಿಂತದ್ದು ಅವಳಿಗೆ ತಿಳಿದೇ ಇಲ್ಲ, ದನಿಯಿಲ್ಲದೆ ಆಡುತ್ತಲೇ ಇದೆ ಆ ತುಟಿ, ನಾನೂ ಆಡುತ್ತಿದ್ದೇನೆ, ಆ ತುಟಿ, ಆ ತುಟಿ