ಬೊಂಬೆಮನೆಯ ಡಬ್ಬಿಗಳು

"ಕೀಲಿನ ಡಬ್ಬಿ ಎಲ್ಲಿಟ್ಟೆಯಮ್ಮಾ?" ಎಂದು ಅತ್ತೆ ಮೂರನೆಯ ಸಲ ಕೂಗಿದಾಗ ಸೊಸೆ ಪಕ್ಕದ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಎರಡನೇ ಸಾಲು, ಎಡಗಡೆಯಿಂದ ನಾಲ್ಕನೇದು. ದಪ್ಪಕ್ಷರದಲ್ಲಿ ಬರ್ದಿದೀನಲ್ಲ ಅತ್ತೆ!"

"ಓ, ಇಲ್ಲೇ ಇದೆ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ನೋಡು."

ಅತ್ತೆ ಮೂವತ್ತು ವರ್ಷ ಗುಂಡಿ ಮಾರುವ ಅಂಗಡಿಯಲ್ಲಿದ್ದವರು. ಕೆಲಸ ಬಿಟ್ಟ ಮೇಲೆ ಬೊಂಬೆಮನೆ ಕಟ್ಟುವ ಹುಚ್ಚು ಹತ್ತಿತ್ತು. ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಈಗ ಎರಡು ಅಂತಸ್ತಿನ, ಮೊಣಕಾಲೆತ್ತರದ ಮನೆಯೊಂದು ನಿಂತಿತ್ತು. ಅದರ ಕಿಟಕಿಗಳು ತೆರೆಯುತ್ತಿದ್ದವು. ಅಡುಗೆಮನೆಯಲ್ಲಿ ಟೂತ್‌ಪೇಸ್ಟಿನ ಮುಚ್ಚಳಗಳೇ ಪಾತ್ರೆ. ಅದಕ್ಕೆ ಬೇಕಾದ ಮಣಿ, ಲೇಸು, ಗಡಿಯಾರದ ಚಕ್ರ, ಅಕ್ಕಿಕಾಳಿನಷ್ಟು ಕೀಲು, ಎಲ್ಲವೂ ಕೈಗೆ ಸಿಕ್ಕಿದ್ದರಲ್ಲಿ ತುಂಬಿರುತ್ತಿದ್ದವು. ಮುಲಾಮಿನ ಡಬ್ಬಿ, ಕೆಮ್ಮಿನ ಔಷಧದ ಬಾಟಲಿ, ಮುರಿದ ಸೋಪಿನ ಪೆಟ್ಟಿಗೆ.

ಸೊಸೆಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವಳು ಕೆಲಸ ಮಾಡುವ ಔಷಧದಂಗಡಿಯಲ್ಲಿ ನಾನೂರು ಬಗೆಯ ಮಾತ್ರೆಗಳು ಹೆಸರಿನ ಚೀಟಿ ಹೊತ್ತು ಸಾಲಾಗಿ ಕೂತಿರುತ್ತಿದ್ದವು. ಕಳೆದ ವಾರ ಎರಡು ದಿನ ರಜೆ ಹಾಕಿ, ಒಂದೇ ಅಳತೆಯ ಇಪ್ಪತ್ತೆಂಟು ಪಾರದರ್ಶಕ ಡಬ್ಬಿ ತಂದು, ಎಲ್ಲವನ್ನೂ ಬೇರ್ಪಡಿಸಿ ಚೀಟಿ ಅಂಟಿಸಿದ್ದಳು. ಹಳೆಯವು ಚೀಲ ತುಂಬಿ ಗುಜರಿಗೆ ಹೋದವು. ಅತ್ತೆ ಹೊಸ ಸಾಲುಗಳ ಮೇಲೆ ಕೈಯಾಡಿಸಿ, "ಅರಮನೆ ಹಾಗಾಯ್ತು" ಎಂದಿದ್ದರು. ಆಮೇಲೆ ಇವಳ ಕಡೆ ತಿರುಗಿ, "ನಿನ್ನ ಓಲೆ ಚೆನ್ನಾಗಿದೆ, ಹೊಸದಾ?" ಎಂದೂ ಕೇಳಿದ್ದರು. ಅವು ಮದುವೆಯಲ್ಲಿ ಅವರೇ ಕೊಟ್ಟ ಓಲೆಗಳು.

ಅಂದಿನಿಂದ, ಕಡ್ಡಿ ಕತ್ತರಿಸಿ ಜೋಡಿಸುತ್ತಿದ್ದ ಬೊಂಬೆಮನೆಯ ಮೆಟ್ಟಿಲು ಏಳನೆಯದಕ್ಕೇ ನಿಂತುಬಿಟ್ಟಿತ್ತು.

ಮಡಿಸಿದ ಟವೆಲ್ಲುಗಳನ್ನು ಎತ್ತಿಕೊಂಡು ಸೊಸೆ ಬಾಗಿಲಿಗೆ ಬಂದಳು. ಅತ್ತೆ ಕಿಟಕಿಯ ಬೆಳಕಿನಲ್ಲಿ ನಿಂತು ಒಂದು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಅದನ್ನಿಟ್ಟು ಇನ್ನೊಂದು. ಮುಚ್ಚಳ ತೆಗೆದು ಬೆರಳು ಹಾಕಿ ನೋಡಿ ಮತ್ತೊಂದು. ಮೇಜಿನ ತುಂಬ ಬಾಯಿ ತೆರೆದ ಡಬ್ಬಿಗಳು. ಸಿಕ್ಕಿತು ಎಂದಿದ್ದ ಕೀಲಿನದು ಅವರ ಮೊಣಕೈ ಪಕ್ಕದಲ್ಲೇ ಇತ್ತು, ಚೀಟಿ ಅವರ ಮುಖಕ್ಕೇ ತಿರುಗಿತ್ತು.

"ಅತ್ತೆ, ನಿಮ್ಮ ಕೈಲಿರೋದರ ಮೇಲೆ ಏನು ಬರ್ದಿದೆ?"

ಅತ್ತೆ ಹಕ್ಕಿಯ ಹಾಗೆ ಕತ್ತು ಓರೆ ಮಾಡಿದರು. "ಮಣಿ."

"ಅದು ಮುಟ್ಟಿದ್ದಕ್ಕೆ ಗೊತ್ತಾಗಿದ್ದು. ಓದಿ ಹೇಳಿ."

ಅತ್ತೆ ಕುರ್ಚಿಯ ಬೆನ್ನು ತಡವಿ ಕೂತರು. "ಎಲ್ಲಾ ಒಂದೇ ಥರ ಕಣೆ. ಮುಲಾಮಿನ ಡಬ್ಬಿಗೆ ತುಕ್ಕಿತ್ತು, ಮುಟ್ಟಿದ್ರೆ ಕೀಲು ಅಂತ ಗೊತ್ತಾಗ್ತಿತ್ತು. ಬಾಟ್ಲಿ ಅಂದ್ರೆ ಮಣಿ. ಸೋಪಿನ ಪೆಟ್ಟಿಗೆ ಅಂದ್ರೆ ಲೇಸು."

"ಯಾವಾಗಿಂದ ಹೀಗೆ?"

"ಒಂದೂವರೆ ವರ್ಷ. ಡಾಕ್ಟರ ಹತ್ರ ಒಬ್ಳೇ ಹೋಗಿ ಬಂದೆ. ನಡುವಿನ ದೃಷ್ಟಿ ಹೋಗಿದೆ, ವಾಪಸ್ ಬರಲ್ಲ, ಅಂಚು ಉಳಿಯತ್ತೆ ಅಂದ್ರು. ನಿನ್ನ ನೋಡಿದ್ರೆ ಮುಖ ಇರಲ್ಲ, ಕಿವಿ ಇರತ್ತೆ. ಅದಕ್ಕೇ ಯಾವಾಗ್ಲೂ ಓಲೆ ಹೊಗಳೋದು. ಇನ್ನೇನನ್ನ ಹೊಗಳ್ಲಿ?"

ಸೊಸೆಗೆ ನಗು ಬರಲಿಲ್ಲ. ಮೇಜಿನ ಅಂಚಿನಲ್ಲಿ ಚೂಪು ಮೂತಿಯ ಸಣ್ಣ ಕತ್ತರಿಯಿತ್ತು. ಅವಳ ಕೈ ತಾನಾಗಿ ಹೋಗಿ ಅದನ್ನು ಎತ್ತಿಕೊಂಡಿತು. ಅಲಗುಗಳು ತಾಗಿ ಸಣ್ಣಗೆ ಸದ್ದಾಯಿತು.

"ನೋಡಿದ್ಯಾ?" ಎಂದರು ಅತ್ತೆ. "ಅದಕ್ಕೇ ಬಾಯಿ ಬಿಡ್ಲಿಲ್ಲ. ಮೊದ್ಲು ಕತ್ತರಿ ತಗೋತೀರಿ. ಆಮೇಲೆ ಒಲೆ. ಆಮೇಲೆ ಬೀದಿ. ಕೊನೆಗೆ ಒಂದು ಕುರ್ಚಿ ತೋರ್ಸಿ, ಕೂತಿರು ಅಂತೀರಿ."

ಸೊಸೆ ಅವರ ಕೈಗಳನ್ನು ನೋಡಿದಳು. ಬೆರಳ ತುದಿಗಳಲ್ಲಿ ಒಣಗಿದ ಅಂಟು. ಎಲ್ಲೂ ಒಂದು ಗಾಯದ ಗೆರೆಯಿಲ್ಲ.

"ಹಳೇ ಡಬ್ಬಿಗಳು…" ಎಂದಳು.

"ಹೋಗಿದ್ದು ಹೋಯ್ತು ಬಿಡು. ನೀನು ಕೆಟ್ಟದು ಮಾಡಿಲ್ಲ."

ಸೊಸೆ ಟವೆಲ್ಲುಗಳನ್ನು ಬದಿಗಿಟ್ಟು ಸ್ಟೂಲು ಎಳೆದುಕೊಂಡು, ಕತ್ತರಿಯನ್ನು ಮಡಿಲಲ್ಲಿಟ್ಟು ಕೂತಳು. ಕೀಲಿನ ಡಬ್ಬಿಯ ಚೀಟಿ ಕಿತ್ತು, ಮುಚ್ಚಳದ ಮೇಲೆ ಒಂದು ಕೀಲನ್ನೇ ಅಂಟಿಸಿದಳು. ಮಣಿಯದಕ್ಕೆ ಮಣಿ. ಲೇಸಿನದಕ್ಕೆ ಲೇಸಿನ ತುಂಡು. ಪ್ರತಿಯೊಂದನ್ನೂ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದಳು. ಗುಂಡಿ, ಗಡಿಯಾರದ ಚಕ್ರ ಎರಡೂ ಒಂದೇ ಅನಿಸಿದವು. ಗುಂಡಿಯ ಪಕ್ಕ ಇನ್ನೊಂದು ಗುಂಡಿ ಅಂಟಿಸಿದಳು.

"ನಿನ್ನ ಗಂಡನಿಗೆ ಹೇಳ್ತೀಯಾ?"

"ಹೇಳ್ಲೇಬೇಕಲ್ಲ ಅತ್ತೆ. ಇಬ್ರೂ ಸೇರಿ ಹೇಳೋಣ. ಮೆಟ್ಟಿಲು ಮುಗೀಲಿ."

ಇಪ್ಪತ್ತೆಂಟೂ ಮುಗಿಯುವಾಗ ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದಿತ್ತು. ಸೊಸೆ ಎದ್ದು, ಮಡಿಲಲ್ಲಿದ್ದ ಕತ್ತರಿಯನ್ನು ಮೇಜಿನ ಬಲ ಅಂಚಿನಲ್ಲಿ, ಹಿಡಿ ಅತ್ತೆಯ ಕಡೆಗೆ ಬರುವಂತೆ ಇಟ್ಟು ಹೊರಗೆ ಬಂದಳು.

ಉಳಿದ ಬಟ್ಟೆಗಳ ಮುಂದೆ ಕೂತು ಒಂದು ಅಂಗಿ ಎತ್ತಿಕೊಂಡಳು. ಒಳಗೆ ಒಂದು ಡಬ್ಬಿ ತೆರೆದುಕೊಂಡಿತು, ಮುಚ್ಚಿಕೊಂಡಿತು. ಆಮೇಲೆ ಏನೂ ಇಲ್ಲ. ಒಂದು ತೋಳು ಮಡಿಸಿದ ಅಂಗಿಯನ್ನು ಹಾಗೇ ಹಿಡಿದು ಅವಳು ಕಾದಳು. ಕಟ್ ಎಂದು ಕಡ್ಡಿ ಕತ್ತರಿಸಿದ ಸದ್ದು ಕೇಳಿತು. ಅವಳು ಇನ್ನೊಂದು ತೋಳು ಮಡಿಸಿದಳು.