ಸುಕ್ಕಿಲ್ಲದ ಹಾಸಿಗೆ

ಕೀಲಿ ತಿರುಗಲಿಲ್ಲ. ಇಸ್ತ್ರಿಯವನು ಅದನ್ನು ಹೊರಗೆಳೆದು, ಒದ್ದೆ ಚಡ್ಡಿಗೆ ಒರೆಸಿ ಮತ್ತೆ ತೂರಿಸಿದ. ಒಳಗಿನಿಂದ ಗಂಡಸಿನ ದನಿಯೊಂದು "ಯಾರು?" ಎಂದಿತು.

"ಯಾರು ಅಂದ್ರೆ? ನೀವ್ಯಾರು?"

ಬಾಗಿಲು ಅರ್ಧ ತೆರೆಯಿತು. ಟವೆಲು ಸುತ್ತಿಕೊಂಡ ಹುಡುಗ. ಅವನ ಹಿಂದೆ, ಇವರ ಮಂಚದ ಮೇಲೆ, ಮದುವೆಯಾಗಿ ವಾರವೂ ಕಳೆದಿರದಂಥ ಹುಡುಗಿ ಗಾಬರಿಯಿಂದ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಇಸ್ತ್ರಿಯವನ ಹೆಂಡತಿ ಗಂಡನ ಭುಜದ ಪಕ್ಕದಿಂದ ಇಣುಕಿದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಆ ಜೋಡಿಯಲ್ಲ, ಬೆಳಿಗ್ಗೆ ತಾನೇ ಮಡಚಿ ಹಾಸಿಗೆಯಡಿ ಸಿಕ್ಕಿಸಿದ್ದ ಹೊದಿಕೆಯ ಮೂಲೆ. ಅಷ್ಟು ಎಳೆದರೂ ಅದು ಬಿಚ್ಚಿರಲಿಲ್ಲ.

"ಅಯ್ಯೋ ರೀ," ಎಂದಳು, "ಎಲ್ಲಾ ನನ್ನಿಂದಾನೇ ಆಗಿದ್ದು."

ಗಾಜಿನ ತಳದ ದೋಣಿಯಿಂದ ಇಬ್ಬರೂ ಆಗಷ್ಟೇ ಇಳಿದು ಬಂದಿದ್ದರು. ಮೀನು ಕಂಡಾಗಲೆಲ್ಲ ಕಿರುಚಿ ಕಿರುಚಿ ಅವನ ಗಂಟಲು ಕಟ್ಟಿತ್ತು. ಪಕ್ಕದ ಪುಟ್ಟ ದ್ವೀಪದಲ್ಲಿ ಮೊಣಕಾಲುದ್ದ ನೀರಿಗಿಳಿದಾಗ ಹಳದಿ ಮೀನೊಂದು ತನ್ನ ಹೆಬ್ಬೆರಳಿಗೆ ಮೂತಿ ತಾಗಿಸಿದ್ದನ್ನು ಅವಳು ದೋಣಿಯಲ್ಲಿದ್ದ ಪ್ರತಿಯೊಬ್ಬರಿಗೂ ಹೇಳಿ, ಕೊನೆಗೆ ದೋಣಿಯವನಿಗೂ ಹೇಳಿ, ಹೇಳಲು ಯಾರೂ ಉಳಿಯದೆ ಮತ್ತೆ ಗಂಡನಿಗೇ ಹೇಳಿದ್ದಳು. ಆ ಸಂಭ್ರಮವೆಲ್ಲ ಈಗ ಬಾಗಿಲ ಮುಂದೆ ಜರ್ರನೆ ಇಳಿದುಹೋಯಿತು.

ಇಬ್ಬರೂ ಒಂದೇ ದೊಡ್ಡ ಹೋಟೆಲಿನ ಕೆಲಸಗಾರರು. ಅವನು ನೆಲಮಾಳಿಗೆಯಲ್ಲಿ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಾನೆ, ಅವಳು ಮೇಲಿನ ಕೋಣೆಗಳಲ್ಲಿ ಅವನ್ನೇ ಹಾಸುತ್ತಾಳೆ. ಅವನ ಕೈಯ ಬಿಸಿ ಆರುವ ಮೊದಲೇ ಬಟ್ಟೆ ಅವಳ ಕೈಸೇರುತ್ತಿತ್ತು; ಹಗಲಿಡೀ ಇವರ ನಡುವೆ ನಡೆಯುತ್ತಿದ್ದ ಸಂಸಾರ ಅಷ್ಟೇ. ಈ ಸಲ ಮಾಲೀಕರು ಕೆಲಸಗಾರರ ಹೆಸರಿನಲ್ಲಿ ಚೀಟಿ ಎತ್ತಿಸಿದಾಗ ಅದೃಷ್ಟ ಇವರ ಕಡೆ ತಿರುಗಿ ನೋಡಿತು: ದ್ವೀಪದಲ್ಲಿ ನಾಲ್ಕು ದಿನ, ಊಟ ವಸತಿ ಸಮೇತ.

ಹಡಗು ಹತ್ತುವಾಗ ಅವನು ಒಂದೇ ಒಂದು ಮಾತು ಕೇಳಿದ್ದ. "ನೋಡು, ಅಲ್ಲಿ ನೀನು ಹಾಸಿಗೆ ಮುಟ್ಟಬಾರದು, ಪೊರಕೆ ಮುಟ್ಟಬಾರದು. ಬೇರೆಯವರು ಮಾಡ್ಲಿ. ನೀನು ಕಾಲು ಚಾಚ್ಕೊಂಡು ಕೂತಿರೋದನ್ನ ನಾನೊಂದ್ಸಲ ನೋಡ್ಬೇಕು."

"ಆಯ್ತು, ನಿಮ್ಮಾಣೆಗೂ ಮುಟ್ಟಲ್ಲ," ಎಂದು ಅವಳು ನಕ್ಕಿದ್ದಳು. ಅವನು ನಕ್ಕಿರಲಿಲ್ಲ. ಮದುವೆಯಾದಾಗಿನಿಂದ ಅವಳು ಸುಮ್ಮನೆ ಕೂತದ್ದನ್ನು ಅವನು ನೋಡಿದ್ದು ಬಸ್ಸಿನಲ್ಲಿ ಮಾತ್ರ.

ಆಣೆ ಒಂದು ರಾತ್ರಿ ಬಾಳಿತು. ಬೆಳಿಗ್ಗೆ ಅವನು ಹೊರಗೆ ನಿಂತು ಸಮುದ್ರ ನೋಡುತ್ತ ಹಲ್ಲುಜ್ಜುತ್ತಿದ್ದಾಗ ಅವಳ ಕೈ ತಡೆಯಲಿಲ್ಲ. ಹೊದಿಕೆ ಎಳೆದು ಕಟ್ಟಿದಳು, ಬಚ್ಚಲು ಒರೆಸಿ ಒಣಗಿಸಿದಳು, ಕಸದ ಬುಟ್ಟಿ ಖಾಲಿ ಮಾಡಿದಳು. ತಮ್ಮ ಬಟ್ಟೆಬರೆ ಕಂಡವರ ಕಣ್ಣಿಗೆ ಬೀಳುವುದು ಬೇಡವೆಂದು ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ ಬಾಗಿಲ ಬಳಿ ನಿಲ್ಲಿಸಿದಳು.

ಬಾಗಿಲ ಬಳಿ ಸೂಟ್‌ಕೇಸು ನಿಂತರೆ ಅದಕ್ಕೇನು ಅರ್ಥವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ತನ್ನ ಹೋಟೆಲಿನಲ್ಲಿ ಅದನ್ನು ನೋಡಿಯೇ ಕೆಳಗೆ ಫೋನು ಮಾಡಿ "ರೂಮು ಖಾಲಿ" ಎನ್ನುತ್ತಿದ್ದವಳು ಅವಳು.

ಆಫೀಸಿನಲ್ಲಿ ಹೂವಿನಂಗಿಯ ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಕೋಣೆ ಗುಡಿಸುವ ಹುಡುಗಿ ಗೋಡೆಗೆ ಅಂಟಿಕೊಂಡು ಅಳುತ್ತಿದ್ದಳು.

"ಸೂಟ್‌ಕೇಸು ಬಾಗಿಲಲ್ಲಿತ್ತು ಸಾರ್, ಹಾಸಿಗೆನೂ ಹಾಸಿತ್ತು," ಎಂದಳು ಅವಳು. "ಗೆಸ್ಟು ಹೊರಟ್ರು, ರೂಮು ಬೇರೆ ಯಾರೋ ರೆಡಿ ಮಾಡಿದಾರೆ ಅಂದ್ಕೊಂಡೆ. ತಂಗಿದ್ದವರು ಯಾರಾದ್ರೂ ಹಂಗೆ ಹಾಸ್ತಾರಾ ಸಾರ್?"

"ಹಂಗಂತ ಕೇಳದೆ ಸೂಟ್‌ಕೇಸನ್ನ ಹಡಗಿನ ಕಟ್ಟೆಗೆ ಕಳಿಸಿಬಿಡೋದಾ? ನಾಳೆಯಿಂದ ನೀನು ಬರ್ಲೇಬೇಡ!"

ಇಸ್ತ್ರಿಯವನ ಹೆಂಡತಿ ಮುಂದೆ ಬಂದಳು. ಅವಳ ಸೀರೆಯಿಂದ ಇನ್ನೂ ಸಮುದ್ರದ ನೀರು ತೊಟ್ಟಿಕ್ಕುತ್ತಿತ್ತು. "ಆ ಮಗೂನ ಬೈಬೇಡಿ ಸಾರ್. ತಪ್ಪು ನಂದು. ಹಾಸಿದ್ದು ನಾನು. ನಾನೂ ಹೋಟೆಲಲ್ಲಿ ಹಾಸಿಗೆ ಹಾಸೋಳೇ, ಅವಳ ಜಾಗದಲ್ಲಿ ನಾನಿದ್ರೂ ಹಂಗೇ ಮಾಡ್ತಿದ್ದೆ."

ಗಂಡನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಮ್ಯಾನೇಜರು ಕುರ್ಚಿಯಿಂದ ಎದ್ದ. "ನೀವಾ? ಹೋಟೆಲ್ ಕೆಲಸದವರಾ? ಅಮ್ಮಾ, ನಾನೂ ಆ ಹಾಸಿಗೆ ನೋಡಿದೆ. ಒಂದು ಸುಕ್ಕಿಲ್ಲ!" ಅವನ ದನಿಯೇ ಬದಲಾಯಿತು. "ಕೋಣೆ ಎಲ್ಲಾ ಭರ್ತಿ. ಉಳಿದಿರೋದು ಕಡಲ ದಂಡೆ ಮೇಲೆ ಒಂದು ಡೇರೆ. ಇಲ್ಲಾಂದ್ರೆ ನೀರಿನ ಮೇಲಿನ ಮನೆ, ಅದು ನಾವು ದೊಡ್ಡೋರಿಗೆ ಇಡೋದು. ಗಾಜಿನ ನೆಲ, ಕೆಳಗೆ ಮೀನು ಓಡಾಡೋದು ಮಲಗಿದಲ್ಲಿಂದಾನೇ ಕಾಣತ್ತೆ. ಅದನ್ನೇ ನಿಮಗೆ ಕೊಡ್ತೀನಿ. ದಿನಾ ಬೆಳಗ್ಗೆ ಸ್ವಲ್ಪ ಹೊತ್ತು ನಮ್ಮ ಹುಡುಗೀರ ಜೊತೆ ಇದ್ದು ಹಾಸೋದು ಹೆಂಗೆ ಅಂತ ತೋರಿಸ್ಕೊಡಿ, ಸಾಕು."

ಮಲಗಿದಲ್ಲಿಂದಲೇ ಮೀನು! ಅವಳ ಮುಖ ಅರಳಿತು. ಈವರೆಗೆ ಯಾರೂ ಅವಳ ಕೆಲಸವನ್ನು ಎದ್ದು ನಿಂತು ಹೊಗಳಿರಲಿಲ್ಲ. ಹೂಂ ಎನ್ನಲು ಬಾಯಿ ತೆರೆದು ಗಂಡನ ಕಡೆ ತಿರುಗಿದಳು.

ಅವನು ಕಿಟಕಿಯಾಚೆ ನೋಡುತ್ತ ನಿಂತಿದ್ದ. ಮುಖದಲ್ಲಿ ಕೋಪವಿರಲಿಲ್ಲ, ಇದ್ದದ್ದು ಬೇಸರ, ಅದೂ ಹಳೆಯದು. ಆದರೆ ಅವನ ಕೈಗಳು, ಅವನಿಗೇ ಗೊತ್ತಿಲ್ಲದೆ, ಹೆಗಲ ಮೇಲಿದ್ದ ಒದ್ದೆ ಟವೆಲನ್ನು ಮಡಚುತ್ತಿದ್ದವು. ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಒತ್ತಿ, ಮತ್ತೆ ಮಡಚಿ, ಮತ್ತೆ ಒತ್ತಿ. ಅವಳು ಆ ಕೈಗಳನ್ನೇ ನೋಡಿದಳು.

"ಇಲ್ಲ ಸಾರ್," ಎಂದಳು. "ನಾನು ರಜದಲ್ಲಿದೀನಿ."

ಆ ಮಾತನ್ನು ಅವಳು ಜೀವಮಾನದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಬಾಯಿಗೆ ರುಚಿಯೆನಿಸಿತೋ ಏನೋ, ಇನ್ನೊಮ್ಮೆ ಹೇಳಿದಳು. "ಇಬ್ರೂ ರಜದಲ್ಲಿದೀವಿ. ಡೇರೆನೇ ಇರ್ಲಿ. ಮತ್ತೆ ಈ ಮಗು ಕೆಲಸ ಹೋಗಬಾರದು. ನಾನೇ ತಪ್ಪಾಯ್ತು ಅಂದ್ಮೇಲೆ ಇವಳದೇನಿದೆ?"

ಮ್ಯಾನೇಜರು ಹುಡುಗಿಯನ್ನು ನೋಡಿದ, ಇವಳನ್ನು ನೋಡಿದ, ಕೊನೆಗೆ "ಹೋಗು, ಕಟ್ಟೆಯಿಂದ ಇವರ ಸೂಟ್‌ಕೇಸು ತರಿಸು, ಡೇರೆಗೆ ದಿಂಬು ಇಡು" ಎಂದು ಗೊಣಗಿದ. ಹುಡುಗಿ ಕಣ್ಣೊರೆಸಿಕೊಂಡು ಓಡಿದಳು.

ಡೇರೆಯೋ, ಒಬ್ಬರು ಹೊರಳಿದರೆ ಇನ್ನೊಬ್ಬರು ಹೊರಗೆ! ಇಸ್ತ್ರಿಯವನು ಒಳಗೆ ತಲೆ ಹಾಕಿ ನೋಡಿ, ಕಟ್ಟಿದ ಗಂಟಲಲ್ಲೇ ಜೋರಾಗಿ ನಕ್ಕ. ನಗು ಅವಳಿಗೂ ಅಂಟಿತು. "ನೀರಿನ ಮನೆ ಹೋಯ್ತಲ್ಲೇ," ಎಂದ. "ಹೋದ್ರೆ ಹೋಯ್ತು, ಮೀನು ನನ್ನನ್ನ ಆಗ್ಲೇ ಮಾತಾಡಿಸಿದೆ," ಎಂದಳು. ಅವನಿಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು. ಸೊಂಟದ ನೋವು ನೆನಪಾಗಿ ಸುಮ್ಮನೆ ಕೈ ಹಿಡಿದುಕೊಂಡ. ಇಬ್ಬರೂ ಬಟ್ಟೆ ಕೂಡ ಬದಲಿಸದೆ ಮತ್ತೆ ಅಲೆಗಳತ್ತ ಓಡಿದರು.

ಮರುದಿನ ಇಬ್ಬರೂ ತಿಂಡಿ ಮುಗಿಸಿ, ಡೇರೆಯ ಮುಂದೆ ಅಲೆ ಬಂದು ಮುಟ್ಟುವ ಜಾಗದಲ್ಲಿ ಕಾಲು ಚಾಚಿ ಕೂತಿದ್ದಾಗ ಹುಡುಗಿ ಬಂದಳು. "ಅಕ್ಕಾ, ಒಳಗೆ ಸರಿ ಮಾಡ್ಲಾ?"

"ಮಾಡಮ್ಮ."

ಬೆನ್ನ ಹಿಂದೆ ಹೊದಿಕೆ ಫಟ್ಟನೆ ಕೊಡವಿದ ಸದ್ದಾಯಿತು. ಅವಳ ಕುತ್ತಿಗೆ ತಾನಾಗಿಯೇ ಹೊರಳಿತು. ಹುಡುಗಿ, ದಿಂಬಿನ ಚೀಲದ ಬಾಯಿ ಬಾಗಿಲಿಗೆ ಕಾಣಬಾರದೆಂಬುದು ಗೊತ್ತಿಲ್ಲದೆ, ಅದನ್ನು ಬಾಗಿಲ ಕಡೆಗೇ ತಿರುಗಿಸಿ ಇಟ್ಟು, ಅದರ ಮೇಲೊಂದು ಗುದ್ದು ಕೊಟ್ಟಳು. ಗಂಡ ಉಸಿರು ಬಿಗಿಹಿಡಿದು ಹೆಂಡತಿಯನ್ನೇ ನೋಡುತ್ತಿದ್ದ.

ಅವಳು ಸಮುದ್ರದ ಕಡೆ ತಿರುಗಿದಳು. ಎರಡೂ ಕೈಗಳನ್ನು ಒದ್ದೆ ಮರಳಿನೊಳಗೆ ಮಣಿಕಟ್ಟು ಮುಳುಗುವವರೆಗೆ ಹೂತಳು. ಅಲೆಯೊಂದು ಬಂದು ಅವುಗಳ ಮೇಲೆ ಹಾದು ಹಿಂದೆ ಸರಿಯಿತು. ಅವಳು ಕೈ ತೆಗೆಯಲಿಲ್ಲ.