ಅರ್ಧ ಬಳಿದ ಪಟ್ಟಿ

ಇಂದ್ರಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಶವದ ಗಾಡಿಯ ಮುಂದಿನ ಸೀಟಿಗೆ ಹತ್ತಿಯೇಬಿಟ್ಟಳು. ಅವಳ ಗಂಡನ ಜೋಡಿ ಹನ್ನೆರಡು ವರ್ಷ ರಸ್ತೆಗೆ ಬಣ್ಣ ಬಳಿದ ಭೀಮರಾಯ ಬಾಗಿಲು ಹಿಡಿದು ನಿಂತ.

“ಅಕ್ಕಾ, ಹೆಣ್ಮಕ್ಕಳು ಸ್ಮಶಾನಕ್ಕ ಬರೂದಿಲ್ಲ. ಮಂದಿ ಏನಂದಾರು?”

“ಮಂದಿ ಅನ್ನೂದೆಲ್ಲಾ ನಿನ್ನೆನೇ ಅಂದಾರಲ್ಲೋ. ನಡುರಸ್ತೆಯಾಗ ಯಾಕ ಕುಂತಿದ್ದ ಅಂದ್ರು. ಪಟ್ಟಿ ಏನು ಗ್ವಾಡಿ ಮ್ಯಾಲ ಬಳೀಬೇಕಿತ್ತೇನು?”

ನಿನ್ನೆ ಮಧ್ಯಾಹ್ನ, ಜನ ದಾಟುವ ಬಿಳಿ ಪಟ್ಟಿ ಬಳಿಯುತ್ತ ಕೂತಿದ್ದ ಅವಳ ಗಂಡ ಸಾಯಬಣ್ಣನ ಮೇಲೆ ಕಾರು ಹರಿದಿತ್ತು. ಹೆಣಕ್ಕೆ ಸ್ನಾನ ಮಾಡಿಸುವಾಗ ಎಷ್ಟು ತಿಕ್ಕಿ ತೊಳೆದರೂ ಅವನ ಉಗುರಿನ ಬಣ್ಣ ಹೋಗಿರಲಿಲ್ಲ. ಭೀಮರಾಯ ಬಾಗಿಲು ಬಿಟ್ಟು ಹಿಂದೆ ಹೆಣದ ಪಕ್ಕ ಹೋಗಿ ಕೂತ.

ವಿಕ್ರೋಳಿಯ ಚಾಳಿನಿಂದ ಗಾಡಿ ದೊಡ್ಡ ರಸ್ತೆಗೆ ಬಂತು. ಊರು ಎಂದಿನಂತೆಯೇ ಇತ್ತು. ವಡಾಪಾವಿನವನ ಮುಂದೆ ಜನ ಮುತ್ತಿದ್ದರು. ಒಬ್ಬ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುತ್ತಿದ್ದ. ಸಿಗ್ನಲ್ಲಿನಲ್ಲಿ ರಿಕ್ಷಾ, ಕಾರುಗಳೆಲ್ಲ ಬಿಳಿ ಪಟ್ಟಿಗಳ ಮೇಲೆಯೇ ನಿಂತಿದ್ದವು. ತರಕಾರಿ ಚೀಲದ ಹೆಂಗಸೊಬ್ಬಳು ಕಳ್ಳಿಯ ಹಾಗೆ ಸಂದಿಯಲ್ಲಿ ನುಸುಳಿದಳು. ಮುಂದಿನ ಸಿಗ್ನಲ್ಲಿನಲ್ಲೂ ಅದೇ ಪಾಡು. ಇಂದ್ರಾಬಾಯಿಗೆ ಮೈಯೆಲ್ಲ ಉರಿಯಿತು. ಇವನ್ನು ಯಾರೋ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬಳಿದಿದ್ದಾರೆಂದು ಈ ಜನರಿಗೆ ಒಂದು ದಿನವಾದರೂ ಹೊಳೆದೀತೇ?

“ಕೆಲಸಕ್ಕ ಹಚ್ಚಿದ ಮುಕಾದಮ ಏನಂದ?” ಎಂದು ಹಿಂದಿನ ಜಾಲರಿಗೆ ಮುಖವಿಟ್ಟು ಕೇಳಿದಳು.

“ಮಿಂಚೋ ಜಾಕೆಟ್ ಹಾಕ್ಕೊಂಡಿದ್ದಿಲ್ಲ, ಅದಕ್ಕ ಕಾರಿನಾಂವಗ ಕಾಣಲಿಲ್ಲ ಅಂತ ಪೊಲೀಸರ ಮುಂದ ಬರಸ್ಯಾನ.”

“ಜಾಕೆಟ್ ಕೊಟ್ಟಿದ್ನೇನು?”

“ಯಾರಿಗೂ ಕೊಟ್ಟಿಲ್ಲಕ್ಕಾ.”

*

ಊರಿಂದ ಬಂದ ಹೊಸತರಲ್ಲಿ, ಒಂದು ಭಾನುವಾರ, ಸಾಯಬಣ್ಣ ತನ್ನ ಕೆಲಸ ತೋರಿಸಲೆಂದೇ ಅವಳನ್ನು ದಾದರಿಗೆ ಕರೆದೊಯ್ದಿದ್ದ. ವಾಹನಗಳನ್ನು ಕಂಡು ಅವಳು ರಸ್ತೆಯಂಚಿನಲ್ಲೇ ನಿಂತುಬಿಟ್ಟಿದ್ದಳು.

“ಹೆದರಬ್ಯಾಡ. ಈ ಪಟ್ಟಿ ಮ್ಯಾಲ ಕಾಲಿಟ್ರ ಮಂತ್ರಿ ಗಾಡಿನೂ ನಿಲ್ಲಬೇಕು.”

ಕೈ ಚಾಚಿ ಮುಂದೆ ನಡೆದ. ಕೆಂಪು ಬಸ್ಸೊಂದು ನಿಜಕ್ಕೂ ನಿಂತಿತು. ಆ ಬಸ್ಸಿನ ಸುದ್ದಿಯನ್ನು ವಾರವಿಡೀ ಚಾಳಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ.

*

“ಇಲ್ಲೇ ಅಕ್ಕಾ,” ಎಂದ ಭೀಮರಾಯ.

ಐದು ಪಟ್ಟಿ ಪೂರ್ತಿ, ಆರನೆಯದು ಅರ್ಧ. ಅವಳು ನೋಡುತ್ತಿದ್ದಂತೆಯೇ ಕೆಂಪು ದೀಪ ಬಿದ್ದು, ಗಾಡಿಯ ಮುಂದಿನ ಚಕ್ರ ಅದರ ಮೇಲೇ ಬಂದು ನಿಂತಿತು.

“ಭೈಯಾ, ಗಾಡಿ ಪೀಛೆ ಲೋ,” ಎಂದು ಚಾಲಕನಿಗೆ ಗಾಡಿ ಹಿಂದಕ್ಕೆ ತೆಗೆಯಲು ಹೇಳಿದಳು.

“ಪೀಛೆ ಜಗಾ ಕಹಾಂ ಹೈ, ಮೌಸಿ?” ಎಂದು ಅವನು ಹಿಂದೆ ಒತ್ತಿ ನಿಂತಿದ್ದ ಕಾರನ್ನು ತೋರಿಸಿದ.

ಇಂದ್ರಾಬಾಯಿ ಇಳಿದಳು. ಹಿಂದಿನ ಕಾರಿನ ಬಾನೆಟ್ಟಿಗೆ ಅಂಗೈಯಿಂದ ಬಡಿದಳು. “ಹಿಂದಕ್ಕ ಸರಿ. ಮನುಷ್ಯಾರು ದಾಟೋ ಜಾಗ ಇದು.” ಅವನಿಗೆ ಕನ್ನಡ ತಿಳಿಯದಿದ್ದರೂ ಅವಳ ಮುಖ ತಿಳಿಯಿತು. ಕಾರು ಸರಿಯಿತು, ಅದರ ಹಿಂದಿನ ರಿಕ್ಷಾ ಬೈಯುತ್ತ ಸರಿಯಿತು, ಕೊನೆಗೆ ಸಾಯಬಣ್ಣನ ಗಾಡಿಯೂ ಸರಿಯಿತು. ಅಷ್ಟೂ ಹೊತ್ತು ಅಂಚಿನಲ್ಲಿ ಕಾದಿದ್ದ ಕೋಲಿನ ಮುದುಕನೊಬ್ಬ ಪಟ್ಟಿಯ ಮೇಲೆ ಕಾಲಿಟ್ಟ.

ಅವನು ಅರ್ಧ ದಾಟುವಷ್ಟರಲ್ಲಿ ಹಸಿರು ಬಿತ್ತು. ಹಾರನ್ನುಗಳು ಒಟ್ಟಿಗೇ ಕಿರುಚಿದವು. ಇಂದ್ರಾಬಾಯಿ ಆರನೆಯ ಪಟ್ಟಿಯ ಮೇಲೆ, ಬಣ್ಣ ನಿಂತುಹೋದಲ್ಲಿ, ಗಾಡಿಗಳ ಕಡೆಗೆ ಕೈ ಚಾಚಿ ನಿಂತೇ ಇದ್ದಳು.